ರಘೋತ್ತಮನ ಸ್ವಂತದ ಒಂದು ಪದ

ರಘೋತ್ತಮನನ್ನು ನಾನು ಇಪ್ಪತ್ತೆರಡು ವರ್ಷ ಬಹುವಚನದಲ್ಲೇ ಮಾತಾಡಿಸಿದ್ದೇನೆ. ಎದುರಿಗೆ ಸಿಕ್ಕರೆ ಈಗಲೂ ‘ನೀವು’ ಅನ್ನುತ್ತೇನೆ; ಅದು ನಾಲಿಗೆಯ ಅಭ್ಯಾಸ. ಬರೆಯುವಾಗ ಮಾತ್ರ ಆ ಮರ್ಯಾದೆ ಕೊಡಲು ಕೈ ಬರುವುದಿಲ್ಲ.

ಅವನು ಮೈಸೂರಿನ ಚಾಮರಾಜಪುರಂನವನು. ತೊಂಬತ್ತಾರರಲ್ಲಿ ಅಮೆರಿಕದ ಸ್ಯಾನ್ ಹೊಸೆಗೆ ಬಂದು, ನೆಟ್‌ವರ್ಕ್ ಸಲಕರಣೆ ಮಾಡುವ ಒಂದು ಕಂಪನಿಗೆ ಸೇರಿ, ಇಪ್ಪತ್ತಾರು ವರ್ಷ ಅಲ್ಲೇ ಇದ್ದ. ಅಲ್ಲಿ ಅವನ ಕೆಲಸ ಏನೆಂದು ಅವನ ಹೆಂಡತಿ ಭಾವನಾಳನ್ನು ಒಮ್ಮೆ ಕೇಳಿದ್ದೆ. “ಮೀಟಿಂಗಲ್ಲಿ ಬೇರೆಯವ್ರು ಏನು ಹೇಳಿದ್ರೋ ಅದನ್ನ ಬರ್ಕೊಂಡು ಎಲ್ಲರಿಗೂ ಕಳಿಸ್ತಾರೆ” ಎಂದಳು. ಅವಳ ಮುಖದಲ್ಲಿ ನಗುವಿರಲಿಲ್ಲ. ಭಾವನಾ ಹಲ್ಲಿನ ಡಾಕ್ಟರು. ಎವರ್‌ಗ್ರೀನ್ ಗುಡ್ಡದ ಮೇಲಿನ ಅವರ ಮನೆ, ಅದರ ಮುಂದಿನ ಕಲ್ಲಿನ ಕಾರಂಜಿ, ಮಗ ಅಭಿರಾಮನ ಕಾಲೇಜು ಎಲ್ಲವೂ ಅವಳ ಕ್ಲಿನಿಕ್ಕಿನಿಂದ ಬಂದವು. ರಘೋತ್ತಮ ಅವನ್ನು ಅತಿಥಿಗಳಿಗೆ ತೋರಿಸುವ ಕೆಲಸ ಮಾಡುತ್ತಿದ್ದ.

ಬೇರೆಯವರದ್ದನ್ನು ತನ್ನದು ಮಾಡಿಕೊಳ್ಳುವುದು ಅವನಿಗೆ ಉಸಿರಾಡಿದಷ್ಟು ಸಲೀಸು. ನೀವು ಹೇಳಿದ ಜೋಕನ್ನು ಮುಂದಿನ ವಾರ ನಿಮಗೇ ಹೇಳಿ, ನೀವು ನಗುವವರೆಗೆ ಕಾಯುತ್ತಿದ್ದ. ಕನ್ನಡ ಕೂಟದ ನಾಟಕದಲ್ಲಿ ಪರದೆ ಎಳೆದಿದ್ದವನು, ವರ್ಷ ಕಳೆಯುವಷ್ಟರಲ್ಲಿ “ಆ ನಾಟಕ ಕಟ್ಟಿದಾಗ ಎಷ್ಟು ಕಷ್ಟ ಆಯ್ತು” ಎಂದು ಹೊಸಬರಿಗೆ ವಿವರಿಸುತ್ತಿದ್ದ. ಅಕ್ಕಿ ರೊಟ್ಟಿಯ ಹಿಟ್ಟಿಗೆ ಬಿಸಿನೀರು ಎಷ್ಟು ಹಾಕಬೇಕೆಂದು ನಮ್ಮಮ್ಮ ಹಾಸನದಲ್ಲಿ ನನಗೆ ಕಲಿಸಿದ್ದನ್ನು ನಾನು ಅವನಿಗೆ ಹೇಳಿದ್ದೆ. ಒಂದು ಊಟದಲ್ಲಿ ನಾನು ಪಕ್ಕದಲ್ಲಿ ಕೂತಿರುವಾಗಲೇ ಅದನ್ನು ತನ್ನ ಅಜ್ಜಿಯ ಗುಟ್ಟೆಂದು ಹೇಳಿದ. ನಾನು ಪಲ್ಯ ಬಡಿಸಿಕೊಂಡೆ. ಇಂಥ ಸಣ್ಣ ಕಳ್ಳತನಗಳಿಗೆ ಜಗಳ ಆಡಿದರೆ ಆಡಿದವರೇ ಸಣ್ಣವರಾಗುತ್ತಾರೆ ಎಂದು ಆಗ ಅಂದುಕೊಂಡಿದ್ದೆ.

ನನ್ನ ಹೆಸರು ವಾಣಿಶ್ರೀ. ಈಸ್ಟ್ ಬೇ ಕಡೆಯ ಒಂದು ಊರಿನ ಗ್ರಂಥಾಲಯದಲ್ಲಿ ಮಕ್ಕಳ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಭಾನುವಾರ ಪಕ್ಕದ ಡಬ್ಲಿನ್ ಎಂಬ ಊರಿನಲ್ಲಿ, ಇಲ್ಲೇ ಹುಟ್ಟಿದ ಮಕ್ಕಳಿಗೆ ಕನ್ನಡ ಓದು ಬರಹ ಕಲಿಸುತ್ತೇನೆ. ಕನ್ನಡ ಕೂಟದ ಪತ್ರಿಕೆಯ ಕರಡು ತಿದ್ದುವವಳೂ ನಾನೇ. ಈ ಕಥೆಯಲ್ಲಿ ನನ್ನ ಪಾಲು ಚೆನ್ನಾಗಿಲ್ಲ, ಅದನ್ನೂ ಹೇಳುತ್ತೇನೆ.

ಮೂರು ವರ್ಷದ ಹಿಂದೆ ರಘೋತ್ತಮನನ್ನು ಕಂಪನಿ ಮನೆಗೆ ಕಳಿಸಿತು. ಅವನಿಗೆ ಆಗ ಐವತ್ತೇಳು. ಅದಾದ ಒಂದು ವರ್ಷಕ್ಕೆ ಅವನು ಲೇಖಕನಾದ. ಹೇಗೆ ಆದ ಎಂದು ಯಾರೂ ಕೇಳಲಿಲ್ಲ. ಇದ್ದಕ್ಕಿದ್ದಂತೆ ಜುಬ್ಬ ಬಂತು, ಹೆಗಲಿಗೆ ಬಟ್ಟೆಯ ಚೀಲ ಬಂತು, ‘ಲೇಖಕರು ಮತ್ತು ಇತಿಹಾಸ ಚಿಂತಕರು’ ಎಂದು ಅಚ್ಚಾದ ಕಾರ್ಡು ಬಂತು. ಲಾಸ್ ಗ್ಯಾಟೋಸ್‌ನ ಬೆಟ್ಟದ ಮುಂದೆ ಗಲ್ಲಕ್ಕೆ ಕೈ ಕೊಟ್ಟು ತೆಗೆಸಿಕೊಂಡ ಫೋಟೋ ಬಂತು. ಎಲ್ಲ ಬಂದ ಮೇಲೆ ಕೊನೆಗೆ ಪುಸ್ತಕದ ಕರಡು ಬಂತು.

“ವಾಣಿಶ್ರೀ ಅವ್ರೇ, ನಮ್ಮ ಮಕ್ಕಳಿಗೆ ನಮ್ಮ ಹಿಸ್ಟರಿ ಗೊತ್ತಿಲ್ಲ” ಎಂದ. “ಕುದುರೆ, ಕೋಟೆ, ಯುದ್ಧ, ಎಲ್ಲಾ ಇರೋ ಒಂದು ಅಡ್ವೆಂಚರು ಬರ್ದಿದೀನಿ. ವಿಜಯನಗರದ ಕಾಲದ್ದು. ನೀವೇ ತಿದ್ದಿ ಕೊಡ್ಬೇಕು. ಮುನ್ನುಡಿನೂ ನಿಮ್ದೇ.”

ಮುನ್ನುಡಿ ಎಂದಾಗ ನಾನು ಬಿದ್ದೆ. ನನಗೂ ಆಸೆ ಇತ್ತು, ಸುಳ್ಳು ಹೇಳಬಾರದು.

ಪುಸ್ತಕದ ಹೆಸರು ‘ತುಂಗಭದ್ರೆಯ ಬೇಹುಗಾರ’. ನರಸಿಂಗನೆಂಬ ಹದಿನೈದರ ಹುಡುಗ ಆನೆಗುಂದಿಯ ಕೋಟೆಯಿಂದ ರಹಸ್ಯ ಪತ್ರ ಹೊತ್ತು ಕಾಡಿನ ದಾರಿಯಲ್ಲಿ ಹೊರಡುತ್ತಾನೆ. ಹಿಂದೆ ಸುಲ್ತಾನನ ಸೈನಿಕರು, ಮುಂದೆ ಕಾಡಿನ ಬೇಡರು. ಕಥೆ ಓಡುತ್ತಿತ್ತು, ಅದು ನಿಜ. ಕನ್ನಡ ಮಾತ್ರ ಕುಂಟುತ್ತಿತ್ತು. ‘ಅವನು ತನ್ನ ಕಾಲುಗಳ ಮೇಲೆ ತನ್ನನ್ನು ಎತ್ತಿಕೊಂಡನು’ ಎಂಬಂಥ ವಾಕ್ಯಗಳು. ಇಪ್ಪತ್ತೇಳು ವರ್ಷ ಅಮೆರಿಕದಲ್ಲಿದ್ದವನ ಕನ್ನಡ ಹೀಗೆಯೇ ಇರುತ್ತದೆ ಎಂದುಕೊಂಡು ತಿದ್ದಿದೆ.

ತಿದ್ದಬೇಕಾದದ್ದು ಭಾಷೆ ಮಾತ್ರವಲ್ಲ. ಹನ್ನೊಂದನೇ ಅಧ್ಯಾಯದಲ್ಲಿ ತುಂಗಭದ್ರೆ ಹೆಪ್ಪುಗಟ್ಟಿತ್ತು, ನರಸಿಂಗ ಅದರ ಮೇಲೆ ನಡೆದು ದಾಟುತ್ತಿದ್ದ. ನಾನು ಅದನ್ನು ಬೇಸಿಗೆ ಮಾಡಿ, ನದಿ ಬತ್ತಿಸಿ, ಅವನನ್ನು ಬಂಡೆಯಿಂದ ಬಂಡೆಗೆ ಹಾರಿಸಿದೆ. ಒಂದು ಗುಡಿಸಲಿನಲ್ಲಿ ಮುದುಕಿಯೊಬ್ಬಳು ಮರದ ರಸ ಕಾಯಿಸಿ ಸಕ್ಕರೆ ಮಾಡುತ್ತಿದ್ದಳು. ಅವಳಿಗೆ ಆಲೆಮನೆ ಕಟ್ಟಿಕೊಟ್ಟೆ. ಹಿಮ ಇದ್ದಲ್ಲೆಲ್ಲ ಇಬ್ಬನಿ ಹಾಕಿದೆ. ಬರೆಯುವವನಿಗೆ ತವರಿನ ಹವಾಮಾನ ಮರೆತುಹೋಗಿದೆ, ಪಾಪ, ಎಂದು ಮರುಕಪಟ್ಟೆ. ಒಬ್ಬ ಮುದಿ ಯೋಧನಿಗೆ ಹತ್ತೊಂಬತ್ತನೇ ಅಧ್ಯಾಯದಲ್ಲಿ ಒಂದು ಸಲ ‘ಜೆಡಡಯ್ಯ’ ಎಂಬ ಹೆಸರಿತ್ತು. ಬೆರಳಚ್ಚಿನ ತಪ್ಪೆಂದುಕೊಂಡು ‘ಜಡೆಯಯ್ಯ’ ಎಂದು ತಿದ್ದಿದೆ. ಅಷ್ಟಕ್ಕೇ ನಿಲ್ಲದೆ, ಜಡೆಯಯ್ಯನೆಂಬ ಶೈವ ಹೆಸರನ್ನು ಆರಿಸಿರುವಲ್ಲಿ ಲೇಖಕರ ಸೂಕ್ಷ್ಮ ಅಧ್ಯಯನ ಕಾಣುತ್ತದೆ ಎಂದು ಮುನ್ನುಡಿಯಲ್ಲಿ ಬರೆದೆ. ಅದು ಇನ್ನೂ ಅಚ್ಚಿನಲ್ಲಿದೆ.

ರಾಜ್ಯೋತ್ಸವದ ದಿನ ಪುಸ್ತಕ ಬಿಡುಗಡೆಯಾಯಿತು. ಕೂಟದ ಅಧ್ಯಕ್ಷ ವೆಂಕಟಾಚಲ, ಮನೆ ಮಾರಾಟದ ಏಜೆಂಟು, ಮೈಕು ಹಿಡಿದು “ಅಮೆರಿಕದಲ್ಲಿ ಕನ್ನಡದ ಮಕ್ಕಳಿಗಾಗಿ ಐತಿಹಾಸಿಕ ಸಾಹಸ ಕಥೆ ಬರೆದ ಮೊದಲಿಗರು” ಎಂದು ಘೋಷಿಸಿದರು. ಅದನ್ನು ಯಾರು ಎಣಿಸಿ ನೋಡಿದ್ದರೋ ಗೊತ್ತಿಲ್ಲ. ರಘೋತ್ತಮ ಕೈ ಜೋಡಿಸಿ, ತಲೆ ಬಗ್ಗಿಸಿ, ಕಣ್ಣೊರೆಸಿಕೊಂಡ. ಕಣ್ಣು ಒಣಗಿತ್ತು, ನಾನು ಹತ್ತಿರದಲ್ಲೇ ನಿಂತಿದ್ದೆ. ಪುಸ್ತಕವನ್ನು ಭಾನುವಾರದ ತರಗತಿಗೆ ಪಠ್ಯವಾಗಿ ಇಟ್ಟುಕೊಳ್ಳಬೇಕೆಂದು ಕೂಟ ತೀರ್ಮಾನಿಸಿತು. ನಾನು ಒಪ್ಪಿದೆ.

ತರಗತಿಯಲ್ಲಿ ನಿಸರ್ಗಾ ಎಂಬ ಹುಡುಗಿ ಇದ್ದಳು, ಹನ್ನೊಂದು ವರ್ಷ. ತಂದೆ ಸಾಗರ್, ಡಬ್ಲಿನ್‌ನಲ್ಲೇ ಮನೆ. ಅವಳ ತಾತ ವಿರುಪಾಕ್ಷಪ್ಪ ಹಿರಿಯೂರಿನಿಂದ ಆರು ತಿಂಗಳಿಗೆಂದು ಬಂದಿದ್ದರು. ಸರ್ಕಾರಿ ಬಸ್ಸಿನ ಚಾಲಕರಾಗಿ ಮೂವತ್ತೊಂದು ವರ್ಷ ದುಡಿದವರು. ಮೊಮ್ಮಗಳನ್ನು ಕರೆತಂದು, ತರಗತಿ ಮುಗಿಯುವವರೆಗೆ ಕೊನೆಯ ಸಾಲಿನಲ್ಲಿ ಕೈ ಕಟ್ಟಿ ಕೂರುತ್ತಿದ್ದರು.

ಜನವರಿಯ ಒಂದು ಭಾನುವಾರ ಹದಿಮೂರನೇ ಅಧ್ಯಾಯ ಬಂತು. ಮಕ್ಕಳು ಸರದಿಯಲ್ಲಿ ಒಂದೊಂದು ಪ್ಯಾರಾ ಗಟ್ಟಿಯಾಗಿ ಓದಬೇಕು. ನಿಸರ್ಗಾಳ ಪಾಲಿಗೆ ಬಂದದ್ದು ಇದು: ‘ಬೇಡರು ಮನುಷ್ಯರೂಪದ ಮೃಗಗಳಾಗಿದ್ದರು. ಅವರಿಗೆ ಕರುಣೆ ಎಂಬುದು ತಿಳಿದಿರಲಿಲ್ಲ. ಸತ್ತವನ ತಲೆಯ ಚರ್ಮವನ್ನು ಕೂದಲ ಸಮೇತ ಸುಲಿದು ಸೊಂಟಕ್ಕೆ ಕಟ್ಟಿಕೊಳ್ಳುವುದು ಅವರಿಗೆ ಹಬ್ಬ.’ ಅವಳು ಅಕ್ಷರ ಕೂಡಿಸಿಕೊಂಡು, ತಡವರಿಸುತ್ತ, ಕೊನೆಯವರೆಗೂ ಓದಿದಳು. ಆಮೇಲೆ ಹಿಂದಕ್ಕೆ ತಿರುಗಿದಳು.

“ತಾತಾ, ಬೇಡರು ಅಂದ್ರೆ ನಾವಲ್ವಾ?”

ಕೋಣೆಯಲ್ಲಿ ಹದಿನಾಲ್ಕು ಮಕ್ಕಳಿದ್ದರು. ಒಬ್ಬ ಕಿಸಕ್ಕೆಂದ.

“ಹೌದು ಕಣವ್ವ” ಎಂದರು ವಿರುಪಾಕ್ಷಪ್ಪ.

“ಡಿಡ್ ವಿ ಡೂ ದಟ್?”

“ಇಲ್ಲ.”

ಅವರು ಅಷ್ಟೇ ಹೇಳಿದ್ದು. ನಾನು “ಮುಂದಿನ ಪ್ಯಾರಾ” ಎಂದೆ. ಅದಕ್ಕಿಂತ ಹೇಡಿ ಮಾತನ್ನು ನಾನು ಜೀವನದಲ್ಲಿ ಆಡಿಲ್ಲ. ಆ ಸಾಲುಗಳನ್ನು ನಾನು ಕರಡಿನಲ್ಲಿ ಎರಡು ಸಲ ಓದಿದ್ದೆ. ‘ಕೂದಲ ಸಮೇತ’ ಎಂಬಲ್ಲಿ ಒಂದು ದೀರ್ಘ ತಪ್ಪಿತ್ತು, ಅದನ್ನು ಸರಿ ಮಾಡಿದ್ದೆ.

ತರಗತಿ ಮುಗಿದ ಮೇಲೆ ವಿರುಪಾಕ್ಷಪ್ಪ ನನ್ನ ಮೇಜಿನ ಹತ್ತಿರ ಬಂದರು.

“ಈ ಬುಕ್ಕು ನಂಗೊಂದು ವಾರ ಕೊಡಿ ಮೇಡಂ.”

“ತಗೊಳ್ಳಿ. ನನ್ನಿಂದ ತಪ್ಪಾಯ್ತು ಸರ್, ಆ ಭಾಗ—”

“ಓದಿ ಮಾತಾಡ್ತೀನಿ. ಓದದೆ ಮಾತಾಡಾದು ಸರಿಯಲ್ಲ.”

ಅವರು ಓದುತ್ತಿದ್ದ ವಾರದಲ್ಲಿ ನಾನೂ ಮತ್ತೆ ಓದಿದೆ, ಈ ಸಲ ಕಣ್ಣು ತೆರೆದುಕೊಂಡು. ತಲೆಯ ಚರ್ಮ ಸುಲಿಯುವ ಬೇಡರು. ತಲೆಗೆ ಹದ್ದಿನ ಗರಿ ಸಿಕ್ಕಿಸಿದ ಬೇಡರು. ಮರದ ತೊಗಟೆಯ ದೋಣಿಯಲ್ಲಿ ಬರುವ ಬೇಡರು. ಮಕ್ಕಳ ವಿಭಾಗದಲ್ಲಿ ಹದಿನಾರು ವರ್ಷ ಕೂತವಳಿಗೆ ಇವರು ಯಾರೆಂದು ತಿಳಿಯಲು ಇಷ್ಟು ದಿನ ಬೇಕಾಯಿತು. ಇವರು ಚಿತ್ರದುರ್ಗದವರಲ್ಲ. ನೂರಿಪ್ಪತ್ತು ವರ್ಷ ಹಿಂದಿನ ಅಮೆರಿಕದ ಹುಡುಗರ ಪುಸ್ತಕಗಳಲ್ಲಿ ಪುಟಪುಟಕ್ಕೂ ಗುಂಡೇಟು ತಿಂದು ಬೀಳುವ ‘ಇಂಡಿಯನ್ನರು’, ಅಂದರೆ ಆ ನೆಲದ ಮೂಲನಿವಾಸಿಗಳು.

ಗುರುವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಹುಡುಕಿದೆ. ಹಳೆಯ ಪುಸ್ತಕಗಳನ್ನು ಸ್ಕ್ಯಾನು ಮಾಡಿಟ್ಟ ಜಾಲತಾಣಗಳಲ್ಲಿ ‘ಹೆಪ್ಪುಗಟ್ಟಿದ ನದಿ, ಬೇಹುಗಾರ ಹುಡುಗ, ಕೋಟೆ’ ಎಂದು ಇಂಗ್ಲಿಷಿನಲ್ಲಿ ಹಾಕಿದೆ. ನಾಲ್ಕನೆಯದೇ ಅದು. ಬರೆದವನು ಓರಿನ್ ಸ್ಟೈಲ್ಸ್. ಮೂವತ್ತೊಂದು ಅಧ್ಯಾಯ, ನಮ್ಮದರಲ್ಲೂ ಮೂವತ್ತೊಂದು. ಅಲ್ಲಿ ನೆಡ್, ಇಲ್ಲಿ ನರಸಿಂಗ. ಅಲ್ಲಿ ಫ್ರೆಂಚರು, ಇಲ್ಲಿ ಸುಲ್ತಾನನ ಸೈನಿಕರು. ಹತ್ತೊಂಬತ್ತನೇ ಅಧ್ಯಾಯದ ಮುದಿ ಸೈನಿಕ ಜೆಡಿಡಯ್ಯ, ಬೈಬಲ್ಲಿನ ಹೆಸರು. ನಾನು ಅವನಿಗೆ ಜಡೆ ಬಿಡಿಸಿ, ವಿಭೂತಿ ಹಚ್ಚಿ, ಮುನ್ನುಡಿಯಲ್ಲಿ ನಮಸ್ಕಾರ ಹಾಕಿದ್ದೆ.

ಈ ಸ್ಟೈಲ್ಸ್ ಯಾರೆಂದೂ ನೋಡಿದೆ. ವರ್ಮಾಂಟಿನಲ್ಲಿ ಹುಟ್ಟಿ, ಓಕ್‌ಲ್ಯಾಂಡಿಗೆ ಬಂದು, ಒಂದು ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು. ಅಂಗಡಿ ಮುಚ್ಚಿದ ಮೇಲೆ ಸಂಜೆ ಹೊತ್ತು ವರ್ಷಕ್ಕೆ ಎರಡರಂತೆ ನಲವತ್ತು ಸಾಹಸ ಕಥೆ ಬರೆದ. ಯಾವ ಯುದ್ಧವನ್ನೂ ನೋಡಿರಲಿಲ್ಲ. ತಾನು ಮೃಗಗಳೆಂದು ಕರೆದ ಜನರಲ್ಲಿ ಒಬ್ಬನ ಜೊತೆಗಾದರೂ ಮಾತಾಡಿದ್ದನೆಂದು ಎಲ್ಲೂ ದಾಖಲೆ ಇಲ್ಲ. ಮೊಳೆ, ಚಿಲಕ ಮಾರಿಕೊಂಡು ಕೂತವನು ಒಂದಿಡೀ ಜನಾಂಗದ ಗುಣ ನಡತೆಗೆ ತೀರ್ಪು ಬರೆದ. ಎರಡು ತಲೆಮಾರಿನ ಹುಡುಗರು ಅದನ್ನೇ ಇತಿಹಾಸವೆಂದು ನಂಬಿದರು. ಅವನ ಬಗ್ಗೆ ನನಗೆ ಯಾವ ಗೌರವವೂ ಹುಟ್ಟಲಿಲ್ಲ. ಆದರೆ ಅವನು ತನ್ನ ಕೆಟ್ಟ ಪುಸ್ತಕವನ್ನು ತಾನೇ ಬರೆದಿದ್ದ. ರಘೋತ್ತಮ ಅಷ್ಟೂ ಮಾಡಿರಲಿಲ್ಲ.

ಮುಂದಿನ ಭಾನುವಾರ ವಿರುಪಾಕ್ಷಪ್ಪ ಪುಸ್ತಕ ವಾಪಸು ತಂದರು. ಬಸ್ಸಿನ ಹಳೆಯ ಟಿಕೆಟ್ಟಿನಷ್ಟು ಸಣ್ಣ ಕಾಗದದ ಚೂರುಗಳನ್ನು ಹತ್ತಾರು ಕಡೆ ಇಟ್ಟಿದ್ದರು. ನಾನು ಕಂಡುಹಿಡಿದದ್ದನ್ನು ಅವರಿಗೆ ಹೇಳಿದೆ, ಮುನ್ನುಡಿಯ ವಿಷಯವನ್ನೂ ಬಿಡದೆ. ಪೂರ್ತಿ ಕೇಳಿಸಿಕೊಂಡರು.

“ಅಂಗಾದ್ರೆ ಈವಯ್ಯ ಇದನ್ನ ಬರ್ದೇ ಇಲ್ಲ.”

“ಇಲ್ಲ.”

“ಅವ್ರ ಮನೆ ಎಷ್ಟು ದೂರ?”

“ಫ್ರೀವೇ ಖಾಲಿ ಇದ್ರೆ ಮುಕ್ಕಾಲು ಗಂಟೆ.”

“ಕರ್ಕೊಂಡು ಹೋಗ್ತೀರಾ? ನಮ್ಮ ಸಾಗರ ಬ್ಯಾಡ ಅಂತಾನೆ. ಬಿಡಪ್ಪ ಇಲ್ಲೆಲ್ಲಾ ಯಾಕೆ ಅಂತಾನೆ. ಅವನ್ದು ಆಫೀಸು, ಫ್ರೆಂಡ್ಸು, ಅವನಿಗೆ ಅವನ ಕಷ್ಟ.”

ಶನಿವಾರ ಬೆಳಿಗ್ಗೆ ಹೋದೆವು. ದಾರಿಯುದ್ದಕ್ಕೂ ಅವರು ನನ್ನ ಡ್ರೈವಿಂಗ್ ನೋಡುತ್ತ ಬಲಗಾಲಿನಲ್ಲಿ ಇಲ್ಲದ ಬ್ರೇಕು ಒತ್ತುತ್ತಿದ್ದರು. ಒಂದೇ ಒಂದು ಸಲ ಮಾತಾಡಿದರು: “ನಮ್ಮೋರು ಹಂಪಿ ಅರಸರ ದಂಡಿನಾಗೆ ಇದ್ದೋರು ಅಂತ ನಮ್ಮಪ್ಪ ಹೇಳೋನು. ಈ ಬುಕ್ಕಿನಾಗೆ ಅವ್ರ ಮ್ಯಾಲೇ ಬಿದ್ದವ್ರೆ.”

ರಘೋತ್ತಮ ಬಾಗಿಲಲ್ಲೇ ನಿಂತು ಬರಮಾಡಿಕೊಂಡ. ಓದುಗರು ಬರುತ್ತಾರೆ ಎಂದಷ್ಟೇ ನಾನು ಫೋನಿನಲ್ಲಿ ಹೇಳಿದ್ದೆ. ಜುಬ್ಬ ಇಸ್ತ್ರಿಯಾಗಿತ್ತು. ಟೀಪಾಯಿಯ ಮೇಲೆ ಸಹಿ ಹಾಕಲು ಪೆನ್ನು, ಪಕ್ಕದಲ್ಲಿ ಹೊಸ ಪ್ರತಿ.

“ಹೇಳಿ ಸರ್, ನಿಮ್ಮಂಥ ಹಿರಿಯರು ಓದೋದೇ ನನ್ನ ಭಾಗ್ಯ. ಯಾವ ಭಾಗ ಹಿಡಿಸ್ತು?”

ವಿರುಪಾಕ್ಷಪ್ಪ ಕನ್ನಡಕ ಹಾಕಿಕೊಂಡು, ಹದಿಮೂರನೇ ಅಧ್ಯಾಯ ತೆಗೆದು, ಆ ಪ್ಯಾರಾವನ್ನು ನಿಧಾನವಾಗಿ ಓದಿದರು. ಮೊಮ್ಮಗಳು ಓದಿದ್ದಷ್ಟೇ ನಿಧಾನ. ಆಮೇಲೆ ಪುಸ್ತಕ ಮಡಚಿ ತೊಡೆಯ ಮೇಲಿಟ್ಟುಕೊಂಡರು.

“ನಾವು ಬ್ಯಾಡ್ರು ಸ್ವಾಮಿ. ನಮ್ಮ ಹುಡುಗಿ ಇದನ್ನ ಎಲ್ಲರ ಮುಂದೆ ಓದ್ತು. ಇದು ನಿಮಗೆಲ್ಲಿ ಸಿಕ್ತು?”

ರಘೋತ್ತಮನ ಮುಖದಲ್ಲಿ ಮೊದಲು ಕಂಡದ್ದು ನಾಚಿಕೆ ಎಂದು ನಾನು ಹೇಳಲಾರೆ. ಲೆಕ್ಕಾಚಾರ ಕಂಡಿತು.

“ಅಯ್ಯೋ ಸರ್, ಪರ್ಸನಲ್ ಆಗಿ ತಗೋಬೇಡಿ. ಇದು ಹಿಸ್ಟರಿ. ಆ ಕಾಲ್ದಲ್ಲಿ ಹಾಗಿತ್ತು. ಎರಡು ವರ್ಷ ರಿಸರ್ಚ್ ಮಾಡಿದೀನಿ.”

“ಯಾವ ಪುಸ್ತಕದಾಗೆ ಐತೆ?”

“ಬೇಕಾದಷ್ಟು ರೆಫರೆನ್ಸ್ ಇದೆ.”

“ಒಂದು ಹೇಳಿ ಸಾಕು.”

ಅವನು ನನ್ನ ಕಡೆ ನೋಡಿದ, ಸಹಾಯಕ್ಕೆ. ನಾನು ಚೀಲದಿಂದ ಓರಿನ್ ಸ್ಟೈಲ್ಸ್‌ನ ಹದಿಮೂರನೇ ಅಧ್ಯಾಯದ ಪ್ರಿಂಟು ತೆಗೆದು ಪೆನ್ನಿನ ಪಕ್ಕ ಇಟ್ಟೆ. ಅವನು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ದೂರದಿಂದಲೇ ಗುರುತು ಸಿಕ್ಕಿತ್ತು.

“ಇದರ ಕಾಪಿರೈಟ್ ಯಾವತ್ತೋ ಮುಗ್ದಿದೆ ವಾಣಿಶ್ರೀ ಅವ್ರೇ” ಎಂದ. “ಲೀಗಲೀ ಯಾರು ಬೇಕಾದ್ರೂ ಅಡಾಪ್ಟ್ ಮಾಡ್ಬಹುದು. ದೊಡ್ಡ ದೊಡ್ಡವ್ರೇ ಮಾಡ್ತಾರೆ. ಇನ್‌ಸ್ಪಿರೇಷನ್ ಅದು.”

ಆಗ ಬಾಯಿಬಿಟ್ಟ. ಲಾಸ್ ಗ್ಯಾಟೋಸ್‌ನಲ್ಲಿ ಯಾರದೋ ಮನೆ ಮುಂದೆ ಹಳೆ ಸಾಮಾನು ಮಾರುತ್ತಿದ್ದಾಗ ಸ್ಟೈಲ್ಸ್‌ನ ಪುಸ್ತಕಗಳ ಒಂದು ಪೆಟ್ಟಿಗೆ ಸಿಕ್ಕಿತಂತೆ. ಜಾಲತಾಣದಿಂದ ಅದರ ಪಠ್ಯ ಇಳಿಸಿಕೊಂಡು, ಕಂಪ್ಯೂಟರಿನಲ್ಲಿ ಹೆಸರುಗಳನ್ನು ಒಂದೊಂದಾಗಿ ಬದಲಾಯಿಸಿದ. ನೆಡ್ ಇದ್ದಲ್ಲೆಲ್ಲ ನರಸಿಂಗ, ಕೋಟೆ ಇದ್ದಲ್ಲೆಲ್ಲ ಆನೆಗುಂದಿ. ಆಮೇಲೆ ಇಡೀ ಕಡತವನ್ನು ಯಂತ್ರಕ್ಕೆ ಕೊಟ್ಟು ಕನ್ನಡ ಮಾಡಿಸಿದ. ಉಳಿದದ್ದನ್ನು ನಾನು ಮಾಡಿದ್ದೆ. ಎರಡು ವರ್ಷದ ಸಂಶೋಧನೆ ಎಂದರೆ ಇದು, ಒಂದು ವಾರಾಂತ್ಯದ ಕೆಲಸ.

ವಿರುಪಾಕ್ಷಪ್ಪ ಎಲ್ಲ ಕೇಳಿದ ಮೇಲೆ ಅಂದರು: “ಕಾಪಿರೈಟು ನಾನು ಕೇಳ್ಲಿಲ್ಲ. ಆ ಬಿಳಿಯ ತನ್ನ ಬುಕ್ಕಿನಾಗೆ ಬ್ಯಾಡ್ರು ಅಂತ ಬರ್ದವ್ನಾ?”

“ಇಲ್ಲ. ಅಲ್ಲಿ ಇಂಡಿಯನ್ಸ್ ಅಂತ ಇತ್ತು.”

“ಮತ್ತೆ?”

“ಇಂಡಿಯನ್ಸ್ ಅಂತ ಬಿಡಕ್ಕಾಗಲ್ವಲ್ಲ ಸರ್, ನಾವೇ ಇಂಡಿಯನ್ಸ್. ಏನಾದ್ರೂ ಒಂದು ಹಾಕ್ಬೇಕಿತ್ತು. ಕಾಡು, ಬಾಣ… ತಲೆಗೆ ಬಂದಿದ್ದು ಹಾಕ್ದೆ. ಇಂಟೆನ್ಷನ್ ಏನೂ ಇರ್ಲಿಲ್ಲ.”

“ತಲೆಗೆ ಅದೇ ಯಾಕ್ ಬಂತು?”

ರಘೋತ್ತಮ ಟೀಪಾಯಿಯ ಮೇಲಿನ ಪೆನ್ನು ತೆಗೆದು ಜೇಬಿಗೆ ಸಿಕ್ಕಿಸಿಕೊಂಡ. ಮುನ್ನೂರು ಪುಟದಲ್ಲಿ ಕಥೆ ಬೇರೆಯವನದು, ಕನ್ನಡ ಯಂತ್ರದ್ದು, ತಿದ್ದುಪಡಿ ನನ್ನದು. ಕಂಪ್ಯೂಟರು ಒಂದು ಖಾಲಿ ಚೌಕ ತೋರಿಸಿ, ಇಲ್ಲಿ ಯಾರ ಹೆಸರು ಹಾಕಲಿ ಎಂದು ಕೇಳಿದಾಗ ಅವನು ಯೋಚನೆಯೇ ಮಾಡದೆ ಬೆರಳಾಡಿಸಿದ್ದ. ಆ ಪುಸ್ತಕದಲ್ಲಿ ಅವನ ಸ್ವಂತದ್ದು ಅದೊಂದೇ ಪದ.

ಭಾವನಾ ಯಾವಾಗಲೋ ಕಾಫಿ ತಟ್ಟೆ ಹಿಡಿದು ಬಂದು ನಿಂತಿದ್ದಳು. ತಟ್ಟೆಯನ್ನು ವಿರುಪಾಕ್ಷಪ್ಪನವರ ಮುಂದಿಟ್ಟು, “ನಿಮಗೆ ಸಕ್ಕರೆ ಹಾಕಿದೀನಿ, ಸರಿನಾ?” ಎಂದು ಕೇಳಿದಳು. ಅವರು ತಲೆಯಾಡಿಸಿದರು. ಗಂಡನ ಕಡೆ ತಿರುಗದೆ ಹೇಳಿದಳು: “ಉಳ್ದಿರೋ ಪುಸ್ತಕ ಎಲ್ಲಾ ಗ್ಯಾರೇಜಲ್ಲಿದೆ. ತಗೊಂಡು ಹೋಗಿ.”

“ಭಾವನಾ, ಸ್ವಲ್ಪ ಇರು—”

“ನನ್ನ ಕಾರಿಗೂ ಜಾಗ ಬೇಕು.”

ಎಂಟು ರಟ್ಟಿನ ಪೆಟ್ಟಿಗೆ. ನಾನೂ ಭಾವನಾಳೂ ಒಂದೊಂದಾಗಿ ಹೊತ್ತು ನನ್ನ ಕಾರಿನ ಹಿಂದೆ ತುಂಬಿದೆವು. ವಿರುಪಾಕ್ಷಪ್ಪ ಬೇಡವೆಂದರೂ ಕೇಳದೆ ಎರಡು ಎತ್ತಿದರು. ರಘೋತ್ತಮ ಗ್ಯಾರೇಜಿನ ಬಾಗಿಲಲ್ಲಿ ನಿಂತು, “ಕೆಲವು ಗಿಫ್ಟ್ ಕೊಡೋಕೆ ಇಟ್ಕೋಬಹುದಾ?” ಎಂದು ಕೇಳಿದ. ಭಾವನಾ ಮುಂದಿನ ಪೆಟ್ಟಿಗೆ ಎತ್ತಿಕೊಂಡಳು. ಆದರೂ ಅವನು ಒಂದು ಕಟ್ಟನ್ನು ಕಾಲಿನಿಂದ ಗೋಡೆಯ ಕಡೆ ಸರಿಸಿಕೊಂಡದ್ದನ್ನು ನಾನು ನೋಡಿದೆ.

ಪೆಟ್ಟಿಗೆಗಳನ್ನು ಡಬ್ಲಿನ್ ಹತ್ತಿರ ಹಳೆ ಕಾಗದ ತೆಗೆದುಕೊಳ್ಳುವ ಕಡೆ ಕೊಟ್ಟು ಬಂದೆವು. ಅವು ಅಲ್ಲಿನ ದೊಡ್ಡ ಗುಂಡಿಗೆ ಬೀಳುವವರೆಗೆ ವಿರುಪಾಕ್ಷಪ್ಪ ನಿಂತು ನೋಡಿದರು. ಅವರಿಗೆ ಸಮಾಧಾನವಾಯಿತೇ ಎಂದು ನಾನು ಕೇಳಲಿಲ್ಲ. ಕೇಳುವ ಯೋಗ್ಯತೆ ನನಗಿರಲಿಲ್ಲ.

ಅವರನ್ನು ಮನೆಗೆ ಬಿಟ್ಟಾಗ ನಿಸರ್ಗಾ ಹೊರಗೆ ಬಂದಳು. ತಾತ ನಡೆದದ್ದನ್ನು ಹೇಳಿದರು, ಆ ಮಾತುಗಳು ಬೇರೆ ಯಾರದೋ ಬಗ್ಗೆ ಬರೆದದ್ದು, ಹೆಸರು ಮಾತ್ರ ಬದಲಾಯಿಸಿದ್ದಾರೆ ಎಂದು. ಅವಳು ಯೋಚಿಸಿ ಇಂಗ್ಲಿಷಿನಲ್ಲಿ ಕೇಳಿದಳು: ಹಾಗಾದರೆ ಆ ಬೇರೆಯವರು ಹಾಗೆ ಇದ್ದರಾ?

“ಅವ್ರೂ ಇರ್ಲಿಲ್ಲ” ಎಂದೆ ನಾನು.

“ದೆನ್ ಹೂ ಟೋಲ್ಡ್ ದೇರ್ ತಾತಾ?”

ಅದು ಸುಳ್ಳೆಂದು ಅವರ ತಾತನಿಗೆ ಯಾರು ಹೇಳಿದರು ಎಂದು. ವಿರುಪಾಕ್ಷಪ್ಪ ಅರ್ಥವಾಗಲಿಲ್ಲವೆಂಬಂತೆ ನನ್ನ ಮುಖ ನೋಡಿದರು. ಕನ್ನಡದಲ್ಲಿ ಹೇಳಿದೆ. ಅವರು ಮೊಮ್ಮಗಳ ಕಡೆ ತಿರುಗಿ, “ಯಾರೂ ಹೇಳಿರಕ್ಕಿಲ್ಲ ಕಣವ್ವ” ಎಂದರು.

ಫೆಬ್ರವರಿಯ ಕೂಟದ ಸಭೆಯಲ್ಲಿ ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಪುಸ್ತಕ ಕದ್ದದ್ದು, ಆ ಪದ ಹಾಕಿದ್ದು, ನಾನು ಕುರುಡಿಯಂತೆ ತಿದ್ದಿದ್ದು, ಮುನ್ನುಡಿ ವಾಪಸು ಪಡೆಯುತ್ತಿರುವುದು. ಇಪ್ಪತ್ತು ಜನ ಇದ್ದರು, ಬಹುಪಾಲು ಎಂಜಿನಿಯರುಗಳು, ಇಬ್ಬರು ಡಾಕ್ಟರುಗಳು. ಆಫೀಸಿನಲ್ಲಿ ಇನ್ನೊಬ್ಬರ ಕಂಪ್ಯೂಟರ್ ಕೋಡಿನ ಒಂದು ಸಾಲು ಎತ್ತಿದರೂ ದೂರು ಕೊಡುವ ಜನ. ಎಲ್ಲರೂ ಸಮೋಸದ ತಟ್ಟೆ ನೋಡುತ್ತಿದ್ದರು.

ವೆಂಕಟಾಚಲ ಗಂಟಲು ಸರಿ ಮಾಡಿಕೊಂಡರು. “ಮೇಡಂ, ನೀವು ಹೇಳಿದ್ದು ಸರಿ. ಆದ್ರೆ ಇದು ಸೆನ್ಸಿಟಿವ್ ವಿಷಯ. ಹೊರಗಡೆ ಹೋದ್ರೆ ಕನ್ನಡದವ್ರ ಮರ್ಯಾದೆ ಹೋಗತ್ತೆ. ನಮ್ಮ ನಮ್ಮಲ್ಲೇ ಇರ್ಲಿ.”

“ಒಂದು ಮಗು ತನ್ನ ಜನದ ಮೇಲೆ ಬರ್ದಿರೋ ಬೈಗುಳನ ತಾನೇ ಓದ್ತು. ಅದು ನಮ್ಮ ನಮ್ಮಲ್ಲೇ ಆಗಿದ್ದಲ್ವಾ?”

“ಅವ್ರಿಗೆ ಬೇಜಾರಾಗಿದ್ರೆ ಸಾರಿ ಕೇಳೋಣ, ಅದರಲ್ಲೇನಿದೆ.”

ಹಿಂದಿನಿಂದ ಒಬ್ಬರು, “ಇಲ್ಲಿ ಬಂದು ಜಾತಿ ಯಾಕೆ ತೆಗಿಬೇಕು?” ಎಂದರು. ಅವರ ಲೆಕ್ಕದಲ್ಲಿ ಜಾತಿ ತೆಗೆದವಳು ನಾನು.

ಒಂದು ವಾರದ ಮೇಲೆ ಕೂಟದ ವಾಟ್ಸಾಪ್ ಗುಂಪಿನಲ್ಲಿ ಪ್ರಕಟಣೆ ಬಂತು: ‘ಇತ್ತೀಚಿನ ಒಂದು ಕೃತಿಯಿಂದ ಯಾರಿಗಾದರೂ ನೋವಾಗಿದ್ದಲ್ಲಿ ವಿಷಾದಿಸುತ್ತೇವೆ.’ ಕೃತಿಯ ಹೆಸರಿಲ್ಲ, ಬರೆದವನ ಹೆಸರಿಲ್ಲ, ನೊಂದವರ ಹೆಸರಿಲ್ಲ. ರಘೋತ್ತಮ ಅದರ ಕೆಳಗೆ ಕೈ ಮುಗಿದ ಚಿತ್ರ ಹಾಕಿದ, ಬೇರೆ ಯಾರೋ ಮಾಡಿದ ತಪ್ಪನ್ನು ತಾನು ಕ್ಷಮಿಸುತ್ತಿರುವವನಂತೆ. ಆ ವರ್ಷ ಅವನಿಗೆ ಕೊಡಬೇಕೆಂದಿದ್ದ ‘ಶ್ರೇಷ್ಠ ಕೃತಿ’ ಫಲಕವನ್ನು ತಡೆಹಿಡಿದರು. ಬದಲಿಗೆ ‘ಸಾಹಿತ್ಯ ಸೇವೆ’ ಫಲಕ ಕೊಟ್ಟರು.

ವಿರುಪಾಕ್ಷಪ್ಪ ಏಪ್ರಿಲ್‌ನಲ್ಲಿ ಊರಿಗೆ ಹೊರಟರು. ಹೋಗುವ ಮುಂಚೆ ಮೂರು ಭಾನುವಾರ ನನ್ನ ತರಗತಿಯಲ್ಲಿ ಮಕ್ಕಳಿಗೆ ಕಥೆ ಹೇಳಿದರು, ನಾನು ಕೇಳಿಕೊಂಡದ್ದಕ್ಕೆ. ಕೋಟೆ, ಕತ್ತಿಯ ಕಥೆಯಲ್ಲ. ಹಿರಿಯೂರಿನ ಹತ್ತಿರ ಸೇತುವೆ ಕೊಚ್ಚಿಹೋದ ದಿನ ಐವತ್ತೆಂಟು ಪ್ರಯಾಣಿಕರ ಬಸ್ಸನ್ನು ನೀರಿನಲ್ಲಿ ಹಿಂದಕ್ಕೆ ತಂದದ್ದು. ಮಕ್ಕಳು ಕುರ್ಚಿಯ ತುದಿಗೆ ಬಂದು ಕೂತಿದ್ದರು. ಕಿಸಕ್ಕೆಂದಿದ್ದ ಹುಡುಗ ಆಮೇಲೆ ಎಂಜಿನಿನೊಳಗೆ ನೀರು ಹೋಗಲಿಲ್ಲವೇ ಎಂದು ಮೂರು ಸಲ ಕೇಳಿದ. ನಿಸರ್ಗಾ ಬೇಸಿಗೆಯ ನಂತರ ತರಗತಿಗೆ ಬರಲಿಲ್ಲ. ಫುಟ್‌ಬಾಲ್ ಇದೆ ಎಂದು ಸಾಗರ್ ಮೆಸೇಜು ಹಾಕಿದ.

ನವೆಂಬರಿನಲ್ಲಿ ರಘೋತ್ತಮ ನನಗೆ ಒಂಬತ್ತು ಪುಟ ಕಳಿಸಿದ. ‘ಇದು ಪೂರ್ತಿ ನನ್ನದೇ’ ಎಂದು ಮೇಲೆ ಬರೆದಿದ್ದ. ಓದಿದೆ. ಕೆಲಸ ಹೋದ ಮೇಲೆ ಮೂರು ವಾರ ಅವನು ಭಾವನಾಳಿಗೆ ಹೇಳದೆ, ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಸಿಕೊಂಡು ಹೊರಟು, ಲಾಸ್ ಗ್ಯಾಟೋಸ್‌ನ ಒಂದು ಪಾರ್ಕಿನ ಮುಂದೆ ಕಾರಿನಲ್ಲಿ ಸಂಜೆ ಐದರವರೆಗೆ ಕೂತಿರುತ್ತಿದ್ದನಂತೆ. ಡಬ್ಬಿಯ ಅನ್ನವನ್ನು ಮಡಿಲಲ್ಲಿಟ್ಟು ಉಣ್ಣುವಾಗ ಹಳೆಯ ಸಹೋದ್ಯೋಗಿ ಕಿಟಕಿ ತಟ್ಟಿದ್ದು, ಇವನು ಮೀಟಿಂಗಿಗೆ ಬಂದಿದ್ದೇನೆಂದು ಸುಳ್ಳು ಹೇಳಿದ್ದು. ಅದೊಂದು ಪುಟ ಚೆನ್ನಾಗಿತ್ತು. ಉಳಿದ ಎಂಟರಲ್ಲಿ ‘ಹೃದಯ ಭಾರವಾಯಿತು’ ಎಂದು ಆರು ಕಡೆ ಇತ್ತು. ಆ ಕಾರಿನಲ್ಲಿ ಕೂತವನನ್ನು ನೆನೆದು ನನಗೆ ಒಂದು ಗಳಿಗೆ ಅಯ್ಯೋ ಅನ್ನಿಸಿತು. ಎಂಟನೇ ಪುಟಕ್ಕೆ ಬರುವಷ್ಟರಲ್ಲಿ ಅದೂ ಹೋಯಿತು.

ಅವನೇ ಫೋನು ಮಾಡಿದ. “ಹೇಗಿದೆ? ಪ್ರಿಂಟ್ ಮಾಡಿಸ್ಬಹುದಾ?”

“ಬೇಡ ಅನ್ಸತ್ತೆ.”

“ಯಾಕೆ, ಇದು ಕಾಪಿ ಅಲ್ಲ. ಆಣೆ ಮಾಡ್ತೀನಿ.”

“ಗೊತ್ತು. ಕೊನೆ ಎರಡು ಪುಟದಲ್ಲಿ ಸಮಾಜ ನಿಮ್ಮನ್ನ ತಪ್ಪು ತಿಳ್ಕೊಳ್ತು, ಒಂಟಿ ಮಾಡ್ತು ಅಂತ ಬರ್ದಿದೀರ. ಯಾಕೆ ಅಂತ ಬರ್ದಿಲ್ಲ. ವಿರುಪಾಕ್ಷಪ್ಪನವ್ರು ನಿಮ್ಮ ಮನೆಗೆ ಬಂದಿದ್ದು ಎಲ್ಲಿದೆ?”

“ಅದು ಬೇರೆ ವಿಷಯ ಅಲ್ವಾ ವಾಣಿಶ್ರೀ ಅವ್ರೇ?” ಎಂದ. ನಿಜವಾಗಿಯೂ ಅರ್ಥವಾಗದೆ ಕೇಳಿದ. ನಾನು ಫೋನು ಇಟ್ಟೆ.

ಕೂಟದ ಯುಗಾದಿ ಸಂಚಿಕೆಯಲ್ಲಿ ಅದು ಬಂತು. ಪತ್ರಿಕೆಯ ಕರಡು ತಿದ್ದುವ ಕೆಲಸವನ್ನು ನಾನು ಬಿಟ್ಟಿದ್ದೆ, ಹಾಗಾಗಿ ತಪ್ಪುಗಳೆಲ್ಲ ಇದ್ದ ಹಾಗೇ ಬಂದವು. ವಾಟ್ಸಾಪ್ ಗುಂಪಿನಲ್ಲಿ ಅದನ್ನು ಹಂಚಿದಾಗ ಓದಿ ಅತ್ತೆವೆಂದು, ಇಂಥ ಪ್ರಾಮಾಣಿಕ ಬರಹ ಅಪರೂಪವೆಂದು ಮೂವತ್ತೆರಡು ಜನ ಬರೆದರು. ಸಾಗರ್ ಆ ಗುಂಪು ಬಿಟ್ಟು ಹೋಗಿ ಆಗ ಹತ್ತು ತಿಂಗಳಾಗಿತ್ತು.